ದೋಣಿವಿಹಾರವೂ ಜೀವರಕ್ಷಣೆಯೂ



ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಈ ನಾಲ್ಕು ತಾಲ್ಲೂಕುಗಳ ಬೆಂಗಳೂರು ಗ್ರಾಮಾಂತರ ಸೀಮೆಯನ್ನು ಮುಂದಿಟ್ಟುಕೊಂಡು ದೋಣಿಯ ಮಾತನ್ನು ಆಡಹೊರಟರೆ ನಿಮ್ಮಲ್ಲಿ ಕೆಲವರಿಗೆ ನಗು ಬಂದೀತು. ಇಲ್ಲಿ ಸಮುದ್ರವಿಲ್ಲ, ವರ್ಷವೆಲ್ಲ ತುಂಬಿ ಹರಿಯುವ ಹೊಳೆಯೂ ಇಲ್ಲ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಅರ್ಕಾವತಿ, ದಕ್ಷಿಣ ಪಿನಾಕಿನಿ ಇವೆರಡೂ ನಮ್ಮಲ್ಲಿ ನದಿಗಳೆನ್ನಿಸಿಕೊಂಡಿವೆಯಾದರೂ, ವಾಸ್ತವವಾಗಿ ಅವು ಕೆರೆಯಿಂದ ಕೆರೆಗೆ ಕಟ್ಟಿದ ಸರಪಳಿಗಳೆಂದೇ ಹೇಳಬೇಕು. ಹಾಗಿದ್ದರೂ ಈ ಸೀಮೆಯ ನೀರು ಸಣ್ಣ ನೀರಲ್ಲ. ಹೊಸಕೋಟೆಯ ದೊಡ್ಡಕೆರೆಯ ಏರಿಯ ಉದ್ದ ಎರಡು ಮೈಲಿಯೆಂದು ಹಳೆಯ ಗೆಜೆಟಿಯರಿನಲ್ಲಿ ಹೇಳಿದೆ. ಅರ್ಕಾವತಿಗೆ ಅಡ್ಡಲಾಗಿ 1894ರಲ್ಲಿ ಹೆಸರುಘಟ್ಟದ ಕೆರೆಯೂ, 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯವೂ ಬೆಂಗಳೂರಿನ ಬಾಯಾರಿಕೆಯನ್ನು ತೀರಿಸುವುದಕ್ಕಾಗಿ ಆದವು.

ನಡುವೆ ಒಂದು ಕಾಲ ಬಂದಿತು. ಮಳೆ ಕಡಿಮೆಯಾಯಿತು, ರಾಜಕಾಲುವೆಗಳು ಮುಚ್ಚಿಹೋದವು, ಕೊಳವೆಬಾವಿಗಳು ನೆಲದ ನೀರನ್ನು ಹೀರಿದವು. ಕೆರೆಗಳ ಅಂಗಳದಲ್ಲಿ ಹುಡುಗರು ಕ್ರಿಕೆಟ್ ಆಡಿದರು. ಆಮೇಲೆ ಬೆಂಗಳೂರಿನ ಸಂಸ್ಕರಿಸಿದ ನೀರನ್ನು ಹೆಬ್ಬಾಳ–ನಾಗವಾರ ಕಣಿವೆಯಿಂದ ಎತ್ತಿ ಈ ಕಡೆಯ ಕೆರೆಗಳಿಗೆ ಹರಿಸುವ ಏರ್ಪಾಡಾಯಿತು. 2021, 2022ರ ಮಳೆಗಾಲಗಳಲ್ಲಿ ಬಹುಕಾಲದಿಂದ ಒಣಗಿದ್ದ ಅನೇಕ ಕೆರೆಗಳು ಕೋಡಿ ಬಿದ್ದವು. ಊರ ಜನ ಬಾಗಿನ ಅರ್ಪಿಸಿ ಸಂತೋಷಪಟ್ಟರು. ಸಂತೋಷಪಡತಕ್ಕ ಸಂಗತಿಯೇ ಸರಿ. ಆದರೆ ಅದರ ಜೊತೆಗೆ ಒಂದು ವಿಚಾರವನ್ನು ನಾವು ಮರೆತೆವು. ನೀರೇನೋ ಹಿಂತಿರುಗಿ ಬಂದಿತು; ನೀರಿನೊಡನೆ ಬಾಳುವ ತಿಳಿವಳಿಕೆ ಹಿಂತಿರುಗಲಿಲ್ಲ. ನಮ್ಮ ಅಜ್ಜಂದಿರು ಎಂಟನೆಯ ವಯಸ್ಸಿಗೆ ಸೊಂಟಕ್ಕೆ ಸೋರೆಬುರುಡೆಯನ್ನೋ ಬೆಂಡನ್ನೋ ಕಟ್ಟಿಕೊಂಡು ಬಾವಿಗೆ ಹಾರಿ ಈಜು ಕಲಿತವರು. ಒಣಗಿದ ಕೆರೆಯ ಪಕ್ಕದಲ್ಲಿ ಬೆಳೆದ ಮೊಮ್ಮಕ್ಕಳಿಗೆ ಆ ಯೋಗವಿಲ್ಲದೆ ಹೋಯಿತು. ಈಗ ಅದೇ ಮೊಮ್ಮಕ್ಕಳು ಭಾನುವಾರದ ದಿನ ತುಂಬಿದ ಕೆರೆಯನ್ನು ಕಂಡು ಹರ್ಷದಿಂದ ಹರಿಗೋಲನ್ನೋ ದೋಣಿಯನ್ನೋ ಏರುತ್ತಾರೆ. ಇಂಥವರನ್ನೂ ಇವರ ಜೊತೆಗೆ ಹೋಗುವ ನನ್ನಂಥ ಉಪಾಧ್ಯಾಯರನ್ನೂ ಮನಸ್ಸಿನಲ್ಲಿಟ್ಟುಕೊಂಡು ಈ ಕೆಲವು ಮಾತುಗಳನ್ನು ಹೇಳುತ್ತೇನೆ.

ಮೊದಲು ನನ್ನದೇ ಒಂದು ಅನುಭವ. ಕೆಲವು ವರ್ಷಗಳ ಕೆಳಗೆ ನನ್ನ ತರಗತಿಯ ವಿದ್ಯಾರ್ಥಿಗಳೊಡನೆ ಈ ಸೀಮೆಯ ಒಂದು ಕೆರೆಗೆ ಹೋಗಿದ್ದೆ. ಬಾಡಿಗೆಗೆ ದೊರೆಯುತ್ತಿದ್ದ ದೋಣಿ ಆರು ಜನಕ್ಕೆ ಸಾಕಾಗುವಷ್ಟರದು. ಒಂಬತ್ತು ಮಂದಿ ಹುಡುಗರು ಅದರಲ್ಲಿ ತುಂಬಿಕೊಂಡರು. "ಪರವಾಗಿಲ್ಲ ಸಾರ್, ದಿನವೂ ಹೀಗೆಯೇ ಹೋಗ್ತಾರೆ" ಎಂದು ದೋಣಿಯವನು ಹೇಳಿದ. ತೇಲುಕವಚಗಳು ಒಂದು ಚಪ್ಪರದ ಕೆಳಗೆ ರಾಶಿಯಾಗಿ ಬಿದ್ದಿದ್ದವು; ಬೆವರಿನ ವಾಸನೆಯೆಂದು ಹುಡುಗರು ಮೂಗು ಮುರಿದರು. ನನಗೆ ಅನುಮಾನ ಬಾರದೆ ಇರಲಿಲ್ಲ. ಆದರೆ ಅವರ ಉತ್ಸಾಹಕ್ಕೆ ಭಂಗ ತರಬಾರದೆಂದೂ, ದಿನವೂ ಈ ಕೆಲಸ ಮಾಡುವವನಿಗಿಂತ ನಾನು ಹೆಚ್ಚು ತಿಳಿದವನೇನೂ ಅಲ್ಲವೆಂದೂ ಸುಮ್ಮನಾದೆ. ದೋಣಿ ಒಂದು ಸುತ್ತು ಹಾಕಿ ಏರಿಯ ಬಳಿಗೆ ಹಿಂತಿರುಗುತ್ತಿತ್ತು. ದಡ ಇನ್ನು ನಾಲ್ಕೈದು ಮಾರು ಇರುವಾಗ ಒಬ್ಬ ಹುಡುಗ ಮೊಬೈಲಿನಲ್ಲಿ ಪಟ ತೆಗೆಯಲು ಎದ್ದುನಿಂತ. ಉಳಿದವರು ಪಟದಲ್ಲಿ ಬೀಳಬೇಕೆಂದು ಒಂದೇ ಕಡೆಗೆ ವಾಲಿದರು. ದೋಣಿ ಮಗುಚಲಿಲ್ಲ, ಒಂದು ಬಿಂದಿಗೆಯಷ್ಟು ನೀರು ಒಳಗೆ ನುಗ್ಗಿತು, ನಿಂತಿದ್ದವನು ಹೊರಗೆ ಬಿದ್ದ.

ಅವನು ಕೂಗಲಿಲ್ಲ. ಇದನ್ನು ನೀವು ಗಮನವಿಟ್ಟು ಕೇಳಬೇಕು. ಅವನು ಒಂದು ಸಲವೂ ಕೂಗಲಿಲ್ಲ. ಮುಖ ನೀರಿನಿಂದ ಮೇಲೆ ಬಂದು ಮತ್ತೆ ಒಳಗೆ ಹೋಗುತ್ತಿತ್ತು. ಹುಡುಗರು ಆಟವಾಡುತ್ತಿದ್ದಾನೆಂದು ನಕ್ಕರು. ನಾನು ಬೂಟುಗಳನ್ನು ಕಿತ್ತೆಸೆದು ನೀರಿಗೆ ಹಾರುವುದರಲ್ಲಿದ್ದೆ. ಏರಿಯ ಮೇಲೆ ಬಲೆ ಸರಿಮಾಡುತ್ತ ಕುಳಿತಿದ್ದ ಒಬ್ಬ ಮುದುಕ ನನ್ನ ತೋಳನ್ನು ಹಿಡಿದು, "ಬ್ಯಾಡಿ ಸ್ವಾಮಿ, ನೀವು ಇಳಿದರೆ ಇಬ್ಬರನ್ನೂ ಎಳೀಬೇಕಾಯ್ತದೆ" ಎಂದವನೇ, ಬಲೆಯ ಹಗ್ಗದ ತುದಿಗೆ ಕಟ್ಟಿದ್ದ ಬರಿಯ ಎಣ್ಣೆಯ ಡಬ್ಬವನ್ನು ಬೀಸಿ ಎಸೆದ. ಡಬ್ಬ ಹುಡುಗನ ಆಚೆಗೆ ಬಿದ್ದು ಹಗ್ಗ ಅವನ ಭುಜದ ಮೇಲೆ ಹಾದುಹೋಯಿತು. ಹುಡುಗ ಅದನ್ನು ಹಿಡಿದುಕೊಂಡ. ಮುದುಕ ಕುಳಿತಲ್ಲಿಂದಲೇ ಎಳೆದ. ಎಲ್ಲವೂ ಒಂದು ನಿಮಿಷದೊಳಗೆ ಮುಗಿದುಹೋಯಿತು.

ಆ ಒಂದು ನಿಮಿಷದಲ್ಲಿ ನಾನು ಮಾಡಿದ ತಪ್ಪುಗಳನ್ನೂ, ಆ ಮುದುಕ ಮಾಡಿದ ಸರಿಯಾದ ಕೆಲಸಗಳನ್ನೂ ಬಿಡಿಸಿ ನೋಡಿದರೆ ಈ ವಿಷಯದ ಶಾಸ್ತ್ರವೆಲ್ಲ ಅದರಲ್ಲಿ ಅಡಗಿದೆ.

ಮೊದಲನೆಯದು, ದೋಣಿಯ ಸಮತೋಲ. ದೋಣಿ ತೇಲುವುದು ಆರ್ಕಿಮಿಡೀಸನ ಸೂತ್ರದಂತೆ. ಇದನ್ನು ನೀವೆಲ್ಲ ಶಾಲೆಯಲ್ಲಿ ಓದಿದ್ದೀರಿ. ಆದರೆ ತೇಲುವುದು ಬೇರೆ, ನೆಟ್ಟಗೆ ತೇಲುವುದು ಬೇರೆ. ಭಾರ ತಗ್ಗಿನಲ್ಲಿದ್ದಷ್ಟೂ ದೋಣಿ ಅಲುಗಿದರೂ ತನ್ನ ನೆಲೆಗೆ ತಾನೇ ಹಿಂತಿರುಗುತ್ತದೆ. ಕುಳಿತವನು ಎದ್ದುನಿಂತರೆ ಅವನ ಭಾರ ಹೆಚ್ಚುವುದಿಲ್ಲ, ಭಾರದ ಕೇಂದ್ರ ಮೇಲಕ್ಕೆ ಹೋಗುತ್ತದೆ. ಎಲ್ಲರೂ ಒಂದು ಪಕ್ಕಕ್ಕೆ ಸರಿದರಂತೂ ದೋಣಿಯ ಅಂಚು ನೀರಿಗೆ ಮುಟ್ಟುತ್ತದೆ. ಹೆಚ್ಚು ಜನ ಹತ್ತಿದ ದೋಣಿಯ ಅಂಚು ನೀರಿನಿಂದ ನಾಲ್ಕು ಬೆರಳು ಮಾತ್ರ ಮೇಲಿದ್ದರೆ, ಆ ನಾಲ್ಕು ಬೆರಳೇ ಅವರೆಲ್ಲರ ಆಯುಸ್ಸು. ಒಳಗೆ ಸ್ವಲ್ಪ ನೀರು ಸೇರಿದರೆ ಇನ್ನೂ ಕೇಡು. ಆ ನೀರು ತಗ್ಗಾದ ಕಡೆಗೇ ಓಡಿ ಬಾಗಿದ ದೋಣಿಯನ್ನು ಮತ್ತಷ್ಟು ಬಾಗಿಸುತ್ತದೆ.

ಇದು ಪುಸ್ತಕದ ಮಾತಲ್ಲ. 2009ನೆಯ ಸೆಪ್ಟೆಂಬರ್ 30ರಂದು ನೆರೆಯ ಕೇರಳದ ತೇಕ್ಕಡಿಯ ಸರೋವರದಲ್ಲಿ 'ಜಲಕನ್ಯಕಾ' ಎಂಬ ವಿಹಾರನೌಕೆ ಮಗುಚಿ 45 ಮಂದಿ ಪ್ರವಾಸಿಗಳು ಸತ್ತರು. ಮಿತಿಮೀರಿ ಜನ ಹತ್ತಿದ್ದರು. ದಡದಲ್ಲಿ ಕಾಣಿಸಿಕೊಂಡ ಕಾಡುಮೃಗಗಳನ್ನು ನೋಡಲು ಒಂದೇ ಪಕ್ಕಕ್ಕೆ ನುಗ್ಗಿದರು. ನಮ್ಮ ನಾಡಿನಲ್ಲೇ 2019ನೆಯ ಜನವರಿ 21ರಂದು ಕಾರವಾರದ ಬಳಿ, ಕೂರ್ಮಗಡದ ನರಸಿಂಹಸ್ವಾಮಿಯ ಜಾತ್ರೆ ಮುಗಿಸಿಕೊಂಡು ಬರುತ್ತಿದ್ದ ದೋಣಿ ಮಗುಚಿ 16 ಜನ ಪ್ರಾಣ ಕಳೆದುಕೊಂಡರು. ಅಲ್ಲಿಯೂ ಇದ್ದದ್ದು ಅಳತೆ ಮೀರಿದ ಜನವೇ. 2024ನೆಯ ಜನವರಿ 18ರಂದು ಗುಜರಾತಿನ ವಡೋದರದಲ್ಲಿ, ಊರ ನಡುವಿನ ಹರಣಿ ಕೆರೆಯಲ್ಲಿ, ಶಾಲೆಯ ವಿಹಾರಕ್ಕೆ ಬಂದ 12 ಮಕ್ಕಳೂ ಇಬ್ಬರು ಉಪಾಧ್ಯಾಯಿನಿಯರೂ ಮುಳುಗಿದರು. ಸರೋವರ, ಸಮುದ್ರ, ಊರಿನ ಕೆರೆ ಹೀಗೆ ಮೂರೂ ಬೇರೆ ಬೇರೆ ನೀರು. ಕಾರಣ ಮಾತ್ರ ಬಹುಮಟ್ಟಿಗೆ ಒಂದೇ. ಆದುದರಿಂದ ಮೊದಲನೆಯ ನಿಯಮ ಇದು: ದೋಣಿಯ ಮೇಲೆ ಬರೆದ ಸಂಖ್ಯೆಗಿಂತ ಒಬ್ಬನೂ ಹೆಚ್ಚಿಗೆ ಹತ್ತಕೂಡದು, ಸಂಖ್ಯೆ ಬರೆಯದ ದೋಣಿಯನ್ನು ಏರಲೇಕೂಡದು. ಹತ್ತುವಾಗ ಅಂಚನ್ನು ತುಳಿಯದೆ ನಡುವೆ ಕಾಲಿಡಬೇಕು, ಒಬ್ಬೊಬ್ಬರಾಗಿ ಹತ್ತಿ ಕೂಡಲೇ ಕುಳಿತುಬಿಡಬೇಕು. ದಡ ಮುಟ್ಟಿ ದೋಣಿಯನ್ನು ಕಟ್ಟುವವರೆಗೆ ಏಳಬಾರದು.

ಹರಿಗೋಲಿನ ಮಾತು ಸ್ವಲ್ಪ ಬೇರೆ. ಬಿದಿರಿನ ಬುಟ್ಟಿಗೆ ಚರ್ಮವನ್ನೋ ಈಚಿನ ದಿನಗಳಲ್ಲಿ ಪ್ಲಾಸ್ಟಿಕ್ ಹಾಳೆಯನ್ನೋ ಹೊದಿಸಿ ಮಾಡಿದ ಈ ಸಾಧನ ನಮ್ಮ ಹೊಳೆಗಳಲ್ಲಿ ಬಲು ಹಳೆಯದು. ಅಗಲವಾದ ತಳವಿರುವುದರಿಂದ ಜನ ತಳದಲ್ಲಿ ಕುಳಿತಿರುವವರೆಗೆ ಅದು ಸುಲಭವಾಗಿ ಮಗುಚುವುದಿಲ್ಲ. ಆದರೆ ಅದಕ್ಕೆ ಮುಂದು ಹಿಂದು ಎಂಬುದಿಲ್ಲ, ಚುಕ್ಕಾಣಿಯಿಲ್ಲ. ಹುಟ್ಟು ಹಾಕಲು ಬಾರದವನ ಕೈಗೆ ಸಿಕ್ಕರೆ ಬುಗುರಿಯಂತೆ ಸುತ್ತುತ್ತದೆ, ಗಾಳಿ ಬೀಸಿದ ಕಡೆಗೆ ಹೋಗುತ್ತದೆ. ಪ್ರವಾಸಿಗಳನ್ನು ಮೆಚ್ಚಿಸಲೆಂದು ಅಂಬಿಗರು ಅದನ್ನು ಬೇಕೆಂದೇ ಗಿರಗಿರನೆ ತಿರುಗಿಸುವುದುಂಟು. ಅದನ್ನು ಮಾಡಬೇಡವೆಂದು ಹತ್ತುವುದಕ್ಕೆ ಮುಂಚೆಯೇ ಹೇಳುವುದು ಮೇಲು. ಅಂಬಿಗನಿಲ್ಲದೆ ಹರಿಗೋಲನ್ನು ಬಿಚ್ಚಿಕೊಂಡು ಹೋಗುವ ಹುಡುಗಾಟವನ್ನಂತೂ ಎಂದಿಗೂ ಮಾಡಕೂಡದು.

ಎರಡನೆಯದು, ತೇಲುಕವಚ. ಜನಗಳ ಬಾಯಲ್ಲಿ ಅದು ಲೈಫ್ ಜಾಕೆಟ್. ಮನುಷ್ಯನ ದೇಹ ನೀರಿಗಿಂತ ಹೆಚ್ಚು ಭಾರವಾದುದಲ್ಲ. ಎದೆಯ ತುಂಬ ಗಾಳಿಯಿದ್ದರೆ ಹೆಚ್ಚುಕಡಿಮೆ ತೇಲುವಷ್ಟೇ ಇರುತ್ತದೆ. ಮುಖವನ್ನು ನೀರಿನಿಂದ ಮೇಲೆ ಹಿಡಿಯಲು ಒಬ್ಬ ವಯಸ್ಕನಿಗೆ ಬೇಕಾದ ಹೆಚ್ಚಿನ ಆಸರೆ ಕೆಲವೇ ಕಿಲೋಗ್ರಾಮುಗಳಷ್ಟು. ಒಳ್ಳೆಯ ಕವಚ ಹತ್ತು ಕಿಲೋಗ್ರಾಮಿನಷ್ಟು ಆಸರೆಯನ್ನು ಕೊಡುತ್ತದೆ. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆಯೆಂಬ ಗಾದೆ ನಿರಾಶೆಯನ್ನು ಕುರಿತದ್ದು. ಭೌತಶಾಸ್ತ್ರ ಅದಕ್ಕಿಂತ ಉದಾರವಾದುದು, ಒಂದು ಬರಿಯ ಡಬ್ಬ ಸಾಕೆನ್ನುತ್ತದೆ. ಆ ಮುದುಕನ ಎಣ್ಣೆಡಬ್ಬದ ಮರ್ಮ ಇಷ್ಟೇ.

ಆದರೆ ಚಪ್ಪರದ ಕೆಳಗೆ ಬಿದ್ದಿರುವ ಕವಚದಿಂದ ಪ್ರಯೋಜನವಿಲ್ಲ. ದೋಣಿಯ ಮೂಲೆಯಲ್ಲಿ ಇಟ್ಟಿರುವುದರಿಂದಲೂ ಇಲ್ಲ. ನೀರಿಗೆ ಬಿದ್ದ ಮೇಲೆ ಅದನ್ನು ತೊಡುವುದು ಆಗದ ಮಾತು. ದಡದಲ್ಲಿಯೇ ತೊಟ್ಟು, ಪಟ್ಟಿಗಳನ್ನೆಲ್ಲ ಬಿಗಿದು, ಇನ್ನೊಬ್ಬರಿಂದ ಭುಜದ ಬಳಿ ಹಿಡಿದು ಮೇಲಕ್ಕೆ ಎಳೆಸಿ ನೋಡಬೇಕು. ಕವಚ ಕಿವಿಯವರೆಗೆ ಜಾರಿದರೆ ಅದು ನಿಮ್ಮ ಅಳತೆಯದಲ್ಲ. ನೀರಿನಲ್ಲಿ ಅದು ತೇಲುತ್ತದೆ, ನೀವು ಅದರೊಳಗಿಂದ ಜಾರಿಹೋಗುತ್ತೀರಿ. ದೊಡ್ಡವರ ಕವಚವನ್ನು ಮಗುವಿಗೆ ತೊಡಿಸುವುದರಲ್ಲಿ ಈ ಅಪಾಯವಿದೆ. "ನನಗೆ ಈಜು ಬರುತ್ತದೆ, ನನಗೇಕೆ?" ಎಂದು ಕೇಳುವವರುಂಟು. ತಲೆಗೆ ದೋಣಿಯ ಅಂಚು ತಗುಲಿದವನಿಗೆ ಈಜು ನೆನಪಿಗೆ ಬರುವುದಿಲ್ಲ.

ಈ ಪ್ರಸಂಗದಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯದಲ್ಲಿ 2016ನೆಯ ನವೆಂಬರ್ 7ರಂದು ನಡೆದುದನ್ನು ನೆನೆಯದೆ ಇರಲಾರೆ. 'ಮಾಸ್ತಿಗುಡಿ' ಎಂಬ ಚಲಚ್ಚಿತ್ರಕ್ಕಾಗಿ ಮೂವರು ನಟರು ಹೆಲಿಕಾಪ್ಟರಿನಿಂದ ನೀರಿಗೆ ಧುಮುಕಿದರು. ನಾಯಕನಟ ಹೇಗೋ ಪಾರಾದರು. ಉಳಿದ ಇಬ್ಬರು ತರುಣರು ನೂರಾರು ಜನರ ಕಣ್ಣೆದುರಿನಲ್ಲಿಯೇ ಮುಳುಗಿದರು. ಅವರ ಮೈಮೇಲೆ ತೇಲುಕವಚವಿರಲಿಲ್ಲ. ರಕ್ಷಣೆಗೆಂದು ನಿಲ್ಲಿಸಿದ್ದ ಮೋಟಾರು ದೋಣಿ ಆ ಗಳಿಗೆಯಲ್ಲಿ ಚಾಲೂ ಆಗಲಿಲ್ಲ. ಹೊಣೆ ಯಾರದೆಂಬ ಪ್ರಶ್ನೆಯನ್ನು ನಾನಿಲ್ಲಿ ಎತ್ತುವುದಿಲ್ಲ. ನಾವು ಕಲಿಯಬೇಕಾದುದು ಇಷ್ಟು: ಅವರು ಗಟ್ಟಿಮುಟ್ಟಾದ, ವ್ಯಾಯಾಮದಿಂದ ಪಳಗಿದ ಮೈಯವರು, ತೋಳಿನ ಬಲ ನೀರಿನಲ್ಲಿ ತೇಲುವ ಬಲವಲ್ಲ. ರಕ್ಷಣೆಯ ಸಾಧನವಿದ್ದರೆ ಸಾಲದು, ಬೇಕಾಗುವ ಮುಂಚೆಯೇ ಅದನ್ನು ನಡೆಸಿ ನೋಡಿರಬೇಕು.

ಮೂರನೆಯದು, ಕೆರೆಯ ಪರಿಚಯ. ಕೆರೆಯನ್ನು ದೊಡ್ಡ ತಟ್ಟೆಯೆಂದು ಭಾವಿಸಬಾರದು. ಅದಕ್ಕೆ ಏರಿ, ತೂಬು, ಕೋಡಿ, ಅಂಗಳ ಎಂಬ ಅಂಗಗಳಿವೆ. ಒಂದೊಂದರ ಗುಣವೂ ಬೇರೆ. ಏರಿಯ ಪಕ್ಕದಲ್ಲಿ ನೀರು ಹೆಚ್ಚು ಆಳ. ಜನ ಮಾತ್ರ ಅಲ್ಲಿಯೇ ದಡ ಹತ್ತಿರವೆಂಬ ಧೈರ್ಯದಿಂದ ಕಾಲು ಇಳಿಬಿಡುತ್ತಾರೆ. ಏರಿಗೆ ಹಾಸಿದ ಕಲ್ಲು ಪಾಚಿಕಟ್ಟಿ ಜಾರುತ್ತದೆ. ಬಿದ್ದವನಿಗೆ ಹಿಡಿದು ಹತ್ತಲು ಆಸರೆ ದೊರೆಯುವುದಿಲ್ಲ. ತೂಬು ತೆರೆದಿದ್ದರೆ ಒಳಗಿನ ಸೆಳೆತ ಮೇಲಿನಿಂದ ಕಾಣುವುದಿಲ್ಲ. ಕೋಡಿಯಲ್ಲಿ ನೀರು ಹರಿಯುತ್ತಿರುವಾಗ ಅದರ ಬಳಿ ಮೀಸುವುದು, ಕೋಡಿಯ ಮೇಲೆ ನಡೆಯುವುದು ಎರಡೂ ಸಾಹಸವಲ್ಲ, ಅವಿವೇಕ. ದೋಣಿಯನ್ನು ತೂಬಿಗೂ ಕೋಡಿಗೂ ದೂರವಿಡತಕ್ಕದ್ದು.

ಅಂಗಳದ ಕಡೆ ನೀರು ಮೇಲಾಗಿರುವುದೇನೋ ನಿಜ. ಆದರೆ ಕೆರೆ ಒಣಗಿದ್ದ ವರ್ಷಗಳಲ್ಲಿ ಇಟ್ಟಿಗೆಗೆಂದೂ ಹೊಲಕ್ಕೆಂದೂ ಮಣ್ಣನ್ನು ಬಗೆದ ಗುಂಡಿಗಳು ಈಗ ಆ ನೀರಿನ ಕೆಳಗಿವೆ. ಮೊಣಕಾಲುದ್ದದ ನೀರಿನಲ್ಲಿ ನಡೆಯುತ್ತಿದ್ದವನು ಮುಂದಿನ ಹೆಜ್ಜೆಗೆ ಎರಡಾಳು ನೀರಿನಲ್ಲಿರುತ್ತಾನೆ. ಈಜಲು ಹೋದ ಹುಡುಗರೂ ಗಣಪತಿಯನ್ನು ಬಿಡಲು ಇಳಿದ ತರುಣರೂ ಇಂಥ ಗುಂಡಿಗಳಿಗೆ ಬಲಿಯಾಗುವುದುಂಟು. ಜೊಂಡು, ಅಂತರಗಂಗೆ ಬೆಳೆದ ಕಡೆ ಹುಟ್ಟು ಸಿಕ್ಕಿಕೊಳ್ಳುತ್ತದೆ, ಕಾಲೂ ಸಿಕ್ಕಿಕೊಳ್ಳುತ್ತದೆ. ದೇವನಹಳ್ಳಿ ತಾಲ್ಲೂಕಿನ ಕೊಯಿರಾದ ಕಲ್ಲು ಹೆಸರಾದುದು. ಅಂಥ ಕಲ್ಲುಸೀಮೆಗಳಲ್ಲಿ ಕಲ್ಲು ತೆಗೆದು ಬಿಟ್ಟ ಹೊಂಡಗಳಲ್ಲಿ ನೀರು ಪಚ್ಚೆಯ ಹಾಗೆ ತಿಳಿಯಾಗಿ ನಿಂತು ಕಣ್ಣಿಗೆ ಬಲು ಚೆಲುವಾಗಿ ಕಾಣುತ್ತದೆ. ಅದರ ಅಂಚು ಗೋಡೆಯಂತೆ ಕಡಿದು. ಇಳಿದವನಿಗೆ ಹತ್ತುವ ಮೆಟ್ಟಿಲಿಲ್ಲ. ಅಲ್ಲಿ ಯಾವ ವಿಹಾರಕ್ಕೂ ಎಡೆಯಿಲ್ಲ.

ಗಾಳಿಯ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನವೆಲ್ಲ ಸುಡುಬಿಸಿಲಿದ್ದು ಸಂಜೆಗೆ ಒಮ್ಮೆಲೇ ಕಪ್ಪುಮೋಡ ಕವಿದು ಬಿರುಗಾಳಿ ಸಿಡಿಲುಗಳೊಡನೆ ಮಳೆ ಸುರಿಯುವುದನ್ನು ನೀವೆಲ್ಲರೂ ಕಂಡಿದ್ದೀರಿ. ಸಂಜೆಯ ಹೊತ್ತೇ ದೋಣಿವಿಹಾರದ ಹೊತ್ತೂ ಹೌದು. ತೆರೆದ ನೀರಿನ ಮೇಲೆ ಸಿಡಿಲಿಗೆ ಎದ್ದು ಕಾಣುವ ವಸ್ತು ನೀವೇ. ಗುಡುಗು ಕೇಳಿದೊಡನೆ ಹತ್ತಿರದ ದಡವನ್ನು ಸೇರಬೇಕು. ಹತ್ತಿದ ಕಡೆಗೇ ಹಿಂತಿರುಗಬೇಕೆಂಬ ಹಟ ಬೇಡ. ದಡ ಸೇರಿದವರು ಒಂಟಿಮರದ ಕೆಳಗೆ ನಿಲ್ಲದೆ ಕಟ್ಟಡವನ್ನೋ ಮುಚ್ಚಿದ ವಾಹನವನ್ನೋ ಸೇರಬೇಕು. ಅಲೆ ಎದ್ದರೆ ದೋಣಿಯ ಪಕ್ಕೆಯನ್ನು ಅಲೆಗೆ ಒಡ್ಡದೆ, ಮೂತಿಯನ್ನು ಸ್ವಲ್ಪ ಓರೆಯಾಗಿ ಅಲೆಗೆ ಎದುರುಮಾಡಿ ಹುಟ್ಟುಹಾಕಬೇಕು; ಎಲ್ಲರೂ ದೋಣಿಯ ತಳದಲ್ಲಿ ಕುಳಿತು ಸೇರಿದ ನೀರನ್ನು ಮೊಗೆದು ಹಾಕುತ್ತಿರಬೇಕು. ಒಂದು ಚೊಂಬು, ಒಂದು ಸೀಟಿ, ಹತ್ತು ಮಾರು ಹಗ್ಗ ಇವಿಷ್ಟಿಲ್ಲದ ದೋಣಿಯನ್ನು ದೋಣಿಯೆನ್ನಬಾರದು.

ಇಷ್ಟು ಎಚ್ಚರಿಕೆಯಿದ್ದೂ ದೋಣಿ ಮಗುಚಿತೆನ್ನಿ. ಆಗ ಮಾಡತಕ್ಕದ್ದೇನು? ದೋಣಿಯನ್ನು ಬಿಡಬಾರದು. ಮರದ ದೋಣಿ ಬೋರಲಾದರೂ ತೇಲುತ್ತದೆ. ಬೋರಲಾದ ಹರಿಗೋಲು ಒಳಗೆ ಗಾಳಿಯನ್ನು ಹಿಡಿದುಕೊಂಡಿರುತ್ತದೆ. ಅದನ್ನು ಹಿಡಿದುಕೊಂಡವರು ದೂರಕ್ಕೆ ಕಾಣುತ್ತಾರೆ. ಒಂಟಿ ತಲೆ ನೀರಿನ ಮೇಲೆ ತೆಂಗಿನಕಾಯಿಯಂತೆ, ಇದ್ದರೂ ಕಾಣಿಸುವುದಿಲ್ಲ. ದಡ ಹತ್ತಿರವೆಂದು ತೋರಿದರೂ ನೀರಿನ ಮೇಲಿನ ದೂರ ಕಣ್ಣಿಗೆ ಮೋಸಮಾಡುತ್ತದೆ. ಕೂಡಲೇ ತಲೆ ಎಣಿಸಬೇಕು. ಒಂದು ಕಡಿಮೆಯಿದ್ದರೆ ದೋಣಿಯ ಕೆಳಗೆ ತಡವಿ ನೋಡಬೇಕು.

ಹಿಡಿಯಲು ಏನೂ ಸಿಗದವನು ಮೊದಲ ಒಂದು ನಿಮಿಷ ಈಜಲು ಯತ್ನಿಸಬಾರದು. ತಲೆಯನ್ನು ಹಿಂದಕ್ಕೆ ವಾಲಿಸಿ, ಕಿವಿಗಳನ್ನು ನೀರಿನಲ್ಲಿಟ್ಟು, ಕೈಗಳನ್ನು ನೀರಿನೊಳಗೆ ಚಾಚಿ ಅಂಗಾತ ಮಲಗಬೇಕು. ಕೈಗಳನ್ನು ಮೇಲೆತ್ತಿ ಕರೆಯುವುದು ಸಹಜ. ಆದರೆ ಎತ್ತಿದ ಕೈಯ ಭಾರ ತಲೆಯನ್ನು ಕೆಳಗೆ ನೂಕುತ್ತದೆ. ಉಸಿರು ಹತೋಟಿಗೆ ಬಂದ ಮೇಲೆ ಕೂಗಬಹುದು, ಮೆಲ್ಲಗೆ ಕಾಲಾಡಿಸಬಹುದು. ಕಾಲಿಗೆ ಕಳೆ ಸುತ್ತಿಕೊಂಡರೆ ಒದೆಯಬಾರದು; ಒದೆದಷ್ಟೂ ಬಿಗಿಯುತ್ತದೆ. ಅಂಗಾತವಾಗಿ ಸಡಿಲಾಗಿ ಕಾಲನ್ನು ಬಂದ ದಾರಿಯಲ್ಲಿಯೇ ಹಿಂದಕ್ಕೆ ಎಳೆದುಕೊಳ್ಳಬೇಕು. ಕೆಸರಿನಲ್ಲಿ ಹೂತವನಿಗೂ ಇದೇ ಉಪಾಯ: ಹಿಂದಕ್ಕೆ ಒರಗಿ ಮೈಯ ಭಾರವನ್ನು ಹರಡುವುದು.

ನಾಲ್ಕನೆಯದು, ಇನ್ನೊಬ್ಬರನ್ನು ಉಳಿಸುವ ಬಗೆ. ನನ್ನ ವಿದ್ಯಾರ್ಥಿ ಏಕೆ ಕೂಗಲಿಲ್ಲವೆಂದು ಬಹುದಿನ ಚಿಂತಿಸಿದೆ. ಅಮೆರಿಕದ ಜೀವರಕ್ಷಕನಾದ ಫ್ರಾನ್ಸೆಸ್ಕೊ ಪಿಯಾ ಎಂಬಾತ ಈ ಸಂಗತಿಯನ್ನು ವಿಚಾರಮಾಡಿ ಬರೆದಿದ್ದಾನೆ. ಮುಳುಗುತ್ತಿರುವವನ ಬಾಯಿ ನೀರಿನ ಮೇಲಿರುವುದು ಒಂದು ಉಸಿರಿಗೆ ಸಾಲುವಷ್ಟು ಕಾಲ ಮಾತ್ರ. ಉಸಿರಿಗೇ ಸಾಲದ ಸಮಯದಲ್ಲಿ ಮಾತಿಗೆ ಎಡೆಯೆಲ್ಲಿ? ಅವನ ತೋಳುಗಳು ತಾವಾಗಿಯೇ ಪಕ್ಕಕ್ಕೆ ಚಾಚಿ ನೀರನ್ನು ಒತ್ತುತ್ತಿರುತ್ತವೆ, ಕೈಬೀಸಿ ಕರೆಯಲೂ ಆಗುವುದಿಲ್ಲ. ಈ ಸ್ಥಿತಿ 20 ರಿಂದ 60 ಸೆಕೆಂಡು ಇದ್ದು ಆಮೇಲೆ ಮನುಷ್ಯ ಮುಳುಗಿಹೋಗುತ್ತಾನೆ. ಆದುದರಿಂದ ಗದ್ದಲ ಮಾಡುತ್ತಿರುವ ಮಗುವಿಗಿಂತ, ನೀರಿನಲ್ಲಿದ್ದು ಒಮ್ಮೆಲೇ ಮೌನವಾದ ಮಗುವಿನ ಕಡೆಗೆ ತಾಯಂದಿರು ಮೊದಲು ತಿರುಗಿ ನೋಡಬೇಕು.

ಇಂಥವನ ಬಳಿಗೆ ಬರಿಗೈಯಲ್ಲಿ ಈಜಿಹೋದವನನ್ನು ಅವನು ತಬ್ಬಿ ಹತ್ತುತ್ತಾನೆ. ಅದು ಕೃತಘ್ನತೆಯಲ್ಲ, ಪ್ರಾಣದ ಸ್ವಭಾವ. ಒಬ್ಬನನ್ನು ಉಳಿಸಲು ಹೋಗಿ ಅಣ್ಣತಮ್ಮಂದಿರು, ತಂದೆಮಕ್ಕಳು ಒಟ್ಟಿಗೆ ಮುಳುಗಿದ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಎಷ್ಟು ಸಲ ಓದಿಲ್ಲ! ಆದುದರಿಂದ ಕ್ರಮ ಹೀಗಿರಲಿ. ಮೊದಲು ಕೂಗಿ ಜನರನ್ನು ಕರೆಯಿರಿ. ಅನಂತರ ದಡದಲ್ಲಿ ಮಲಗಿ ಬಿದಿರುಗಳವನ್ನೋ, ಹುಟ್ಟನ್ನೋ, ಕೊಂಬೆಯನ್ನೋ ಚಾಚಿರಿ. ಅದು ನಿಲುಕದಿದ್ದರೆ ಹಗ್ಗ, ಪಂಚೆ, ಸೀರೆ ಏನಾದರೂ ಸರಿ, ತುದಿಗೆ ಮುಚ್ಚಿದ ಬರಿಯ ಡಬ್ಬವನ್ನೋ ಶೀಶೆಯನ್ನೋ ಕಟ್ಟಿ ಅವನ ಆಚೆಗೆ ಬೀಳುವಂತೆ ಎಸೆಯಿರಿ. ಅದೂ ಆಗದಿದ್ದರೆ ದೋಣಿಯಲ್ಲಿ ಹೋಗಿರಿ. ನೀರಿಗಿಳಿಯುವುದು ಪಳಗಿದವರ ಕೆಲಸ. ಅದೂ ಕೈಯಲ್ಲಿ ತೇಲುವ ವಸ್ತುವಿದ್ದಾಗ ಮಾತ್ರ. ಮೋಟಾರು ದೋಣಿಯಾದರೆ ಹತ್ತಿರ ಹೋದೊಡನೆ ಯಂತ್ರವನ್ನು ನಿಲ್ಲಿಸಬೇಕು. ಸಣ್ಣ ದೋಣಿಯ ಪಕ್ಕದಿಂದ ಮೇಲೆಳೆದುಕೊಂಡರೆ ಅದೂ ಮಗುಚೀತು. ಹಿಂದುಗಡೆಯಿಂದ ಎಳೆದುಕೊಳ್ಳಬೇಕು, ಇಲ್ಲವೆ ಅಂಚನ್ನು ಹಿಡಿಸಿಕೊಂಡೇ ದಡಕ್ಕೆ ಸಾಗಿಸಬೇಕು.

ದಡಕ್ಕೆ ತಂದ ಮೇಲಿನ ಕೆಲಸ ಎಲ್ಲಕ್ಕಿಂತ ಮುಖ್ಯವಾದುದು. ನಮ್ಮ ಜನ ಹೆಚ್ಚಾಗಿ ತಪ್ಪುವುದೂ ಇಲ್ಲಿಯೇ. ಮುಳುಗಿದವನನ್ನು ತಲೆಕೆಳಗಾಗಿ ಹಿಡಿಯುವುದು, ಹೆಗಲ ಮೇಲೆ ಹಾಕಿಕೊಂಡು ಸುತ್ತುವುದು, ಹೊಟ್ಟೆಯನ್ನು ಅಮುಕಿ ನೀರು ಕಕ್ಕಿಸುವುದು ಇವೆಲ್ಲ ವಾಡಿಕೆಯಲ್ಲಿವೆ. ಇವುಗಳಿಂದ ಹೊಟ್ಟೆಯ ನೀರು ಗಂಟಲಿಗೆ ಬಂದು ಶ್ವಾಸನಾಳಕ್ಕೆ ಸೇರುತ್ತದೆ, ಅಮೂಲ್ಯವಾದ ನಿಮಿಷಗಳು ಕಳೆಯುತ್ತವೆ. ಬೋರಲು ಮಲಗಿಸಿ ಬೆನ್ನನ್ನು ಒತ್ತುವ ಶೇಫರನ ವಿಧಾನವನ್ನು ಹಿರಿಯರು ಕೆಲವರು ಬಾಲಚಮೂದಳದಲ್ಲಿ ಕಲಿತಿರಬಹುದು. ಅದು ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಬಂದ ವಿಧಾನ; 1950ರ ದಶಕದ ಕೊನೆಯಲ್ಲಿ ಬಾಯಿಗೆ ಬಾಯಿಟ್ಟು ಉಸಿರೂದುವ ಕ್ರಮವೂ, 1960ರಲ್ಲಿ ಎದೆಯನ್ನು ಒತ್ತುವ ಕ್ರಮವೂ ಪ್ರಚಾರಕ್ಕೆ ಬಂದ ಮೇಲೆ ಅದು ಹಿಂದೆ ಬಿದ್ದಿತು.

ಈಗಿನ ಕ್ರಮ ಇದು. ಒಬ್ಬರು ಕೂಡಲೇ 112ಕ್ಕೋ 108ಕ್ಕೋ ದೂರವಾಣಿ ಮಾಡಲಿ. ಇನ್ನೊಬ್ಬರು ಅವನನ್ನು ಗಟ್ಟಿನೆಲದ ಮೇಲೆ ಅಂಗಾತ ಮಲಗಿಸಿ ಉಸಿರಿದೆಯೇ ನೋಡಲಿ. ಹತ್ತು ಸೆಕೆಂಡು ಸಾಕು. ಉಸಿರಿದ್ದರೆ ಪಕ್ಕಕ್ಕೆ ಹೊರಳಿಸಿ ಒದ್ದೆಬಟ್ಟೆ ತೆಗೆದು ಬೆಚ್ಚಗೆ ಹೊದಿಸಬೇಕು. ಉಸಿರಿಲ್ಲದಿದ್ದರೆ ಹಣೆಯನ್ನು ಹಿಂದಕ್ಕೆ ಬಾಗಿಸಿ ಗದ್ದವನ್ನು ಎತ್ತಿ, ಮೂಗನ್ನು ಹಿಡಿದು, ಬಾಯಿಗೆ ಬಾಯಿಟ್ಟು ಎದೆ ಏಳುವಂತೆ ಐದು ಸಲ ಊದಬೇಕು. ಮುಳುಗಿದವನಿಗೆ ಮೊದಲು ತಪ್ಪಿರುವುದು ಗಾಳಿ. ಅದಕ್ಕಾಗಿಯೇ ಗಾಳಿಯಿಂದ ಪ್ರಾರಂಭ. ಆಮೇಲೆ ಎದೆಯ ನಡುವೆ ಅಂಗೈಯ ಬುಡವನ್ನಿಟ್ಟು, ಅದರ ಮೇಲೆ ಇನ್ನೊಂದು ಕೈಯನ್ನಿಟ್ಟು, ಮೊಣಕೈ ಬಾಗಿಸದೆ ಸುಮಾರು ಎರಡು ಅಂಗುಲ ಇಳಿಯುವಂತೆ 30 ಸಲ ಒತ್ತಬೇಕು. ನಿಮಿಷಕ್ಕೆ 100 ರಿಂದ 120ರ ವೇಗ. ಮತ್ತೆ ಎರಡು ಉಸಿರು, ಮತ್ತೆ 30 ಒತ್ತು. ಬಾಯಿಯಿಂದ ನೊರೆ ಬರುತ್ತಿದ್ದರೆ ಒರೆಸುತ್ತ ಕೂಡಬಾರದು, ಕೆಲಸ ಮುಂದುವರಿಯಬೇಕು. ಮಿದುಳಿಗೆ ಗಾಳಿ ತಪ್ಪಿ ನಾಲ್ಕಾರು ನಿಮಿಷವಾದರೆ ಹಾನಿ ಪ್ರಾರಂಭವಾಗುತ್ತದೆ. ನೆಲಮಂಗಲದಿಂದಲೋ ಹೊಸಕೋಟೆಯಿಂದಲೋ ವಾಹನ ಬರುವಷ್ಟರಲ್ಲಿ ಅದಕ್ಕಿಂತ ಹೆಚ್ಚು ಕಾಲ ಕಳೆಯುತ್ತದೆ; ಆ ನಡುಗಾಲದಲ್ಲಿ ವೈದ್ಯರು ನೀವೇ. ಚೇತರಿಸಿಕೊಂಡು ಎದ್ದು ಕುಳಿತವನನ್ನೂ ಆಸ್ಪತ್ರೆಗೆ ಕರೆದೊಯ್ಯಲೇಬೇಕು. ಶ್ವಾಸಕೋಶದ ತೊಂದರೆ ಕೆಲವು ಗಂಟೆಗಳ ಮೇಲೆ ತಲೆದೋರುವುದುಂಟು. ಇದನ್ನು ಕೇಳಿ ಕಲಿತರೆ ಸಾಲದು. ಅರ್ಧ ದಿನದ ತರಬೇತಿಯನ್ನು ಒಮ್ಮೆಯಾದರೂ ಪಡೆದುಕೊಳ್ಳಿ.

ಕಾನೂನುಗಳಿಲ್ಲವೆಂದಲ್ಲ. 1917ರ ಹಳೆಯ ಕಾಯಿದೆಯ ಸ್ಥಾನದಲ್ಲಿ 2021ರಲ್ಲಿ ಒಳನಾಡ ನೌಕೆಗಳ ಹೊಸ ಕಾಯಿದೆ ಬಂದಿದೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2017ರಲ್ಲಿ ದೋಣಿಗಳ ಸುರಕ್ಷತೆಗೆಂದೇ ಮಾರ್ಗಸೂಚಿಯನ್ನು ಪ್ರಕಟಿಸಿದೆ. 2021ರಿಂದ ವಿಶ್ವಸಂಸ್ಥೆ ಜುಲೈ 25ನ್ನು ಮುಳುಗುಸಾವು ತಡೆಯುವ ದಿನವೆಂದು ಆಚರಿಸುತ್ತಿದೆ. ಆದರೆ ಕೆರೆಯ ದಡದಲ್ಲಿ ಒಂಬತ್ತನೆಯವನು ದೋಣಿಗೆ ಕಾಲಿಡುವಾಗ ಅಲ್ಲಿ ಕಾಯಿದೆ ನಿಂತಿರುವುದಿಲ್ಲ, ನಿಂತಿರುವವರು ನಾವು. "ಇಳಿ" ಎಂದು ಹೇಳುವ ದಾಕ್ಷಿಣ್ಯವಿಲ್ಲದ ಒಂದು ಮಾತು ಅಲ್ಲಿ ಎಲ್ಲ ಕಾಯಿದೆಗಳಿಗಿಂತ ದೊಡ್ಡದು.

ಆ ಹುಡುಗನ ತಾಯಿ ಮರುವಾರ ಕಾಲೇಜಿಗೆ ಬಂದರು. "ನನ್ನ ಮಗನ್ನ ಉಳಿಸಿಕೊಟ್ಟಿರಿ ಮೇಷ್ಟ್ರೇ" ಎಂದು ಕೈಮುಗಿದರು. ಉಳಿಸಿದವನು ನಾನಲ್ಲ, ಏರಿಯ ಮೇಲಿನ ಒಬ್ಬ ಮುದುಕನೆಂದು ಹೇಳಿದೆ. ಆ ದೋಣಿಗೆ ಅವನು ಹತ್ತುವುದನ್ನು ನೋಡುತ್ತ ಸುಮ್ಮನೆ ನಿಂತವನು ನಾನೆಂದು ಹೇಳಲು ಮಾತ್ರ ಆ ದಿನ ನಾಲಗೆ ಏಳಲಿಲ್ಲ. ಇಂದು ನಿಮ್ಮೆಲ್ಲರ ಮುಂದೆ ಹೇಳಿದ್ದೇನೆ. ಮುಂದಿನ ಭಾನುವಾರ ಯಾವುದೋ ಒಂದು ಕೆರೆಯ ದಡದಲ್ಲಿ ನಿಮ್ಮಲ್ಲಿ ಒಬ್ಬರು ಇದನ್ನು ನೆನೆದು "ಇಳಿಯಪ್ಪ, ಮುಂದಿನ ಸುತ್ತಿಗೆ ಹೋಗುವಿಯಂತೆ" ಎಂದು ಹೇಳಿದರೆ ಈ ಭಾಷಣ ಸಾರ್ಥಕವಾದಂತೆ.